ಗಂಜಿಯ ಬಟ್ಟಲೂ ಕಾಣೆ ಮೀನೂ

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕನ್ನಡ ಪಾಠ ಹೇಳಿದ ನಾನು ಮೀನಿನ ವಿಚಾರ ಮಾತನಾಡಲು ಬಂದಿರುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಹಳಗನ್ನಡದ ತರಗತಿಯಲ್ಲಿ 'ಕಾಣೆ' ಎಂಬ ಮಾತು ಬಂದಾಗಲೆಲ್ಲ ಕರಾವಳಿಯ ಹುಡುಗರು ಮುಸಿಮುಸಿ ನಗುತ್ತಿದ್ದರು. 'ನನಗೆ ತೋರದು, ನಾನರಿಯೆ' ಎಂಬುದು ಅದರ ಅರ್ಥ. ಹುಡುಗರ ಕಣ್ಣಮುಂದೆ ಬರುತ್ತಿದ್ದುದು ಮಾತ್ರ ನೀಳವಾದ, ನಸುಬೆಳ್ಳಗಿನ ಕಾಣೆ ಮೀನು. ಈ ಎರಡು ಅರ್ಥಗಳೂ ನನ್ನ ಬಾಳಿನಲ್ಲಿ ಒಮ್ಮೆ ಒಟ್ಟಿಗೇ ಬಂದವು. ಆ ಪ್ರಸಂಗದಿಂದಲೇ ಮಾತನ್ನು ಆರಂಭಿಸುತ್ತೇನೆ.

2008ರ ಮಳೆಗಾಲದಲ್ಲಿ ನನ್ನ ತಾಯಿ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದರು. ಹೊಲಿಗೆ ಹಾಕಿದ ಗಾಯವಿರುವಾಗ ಮೀನು ತಿಂದರೆ ನಂಜಾಗುತ್ತದೆಂದು ಮನೆಯ ಹಿರಿಯರು ಹೇಳಿದರು. ನಾನೂ ತಲೆಯಾಡಿಸಿದೆ. ಮೂರು ಹೊತ್ತೂ ಗಂಜಿ, ಸಂಗಡ ತುಸು ಉಪ್ಪಿನಕಾಯಿ. ಮೂರು ವಾರ ಕಳೆಯುವಷ್ಟರಲ್ಲಿ ಅಮ್ಮನ ತೋಳುಗಳು ಕಡ್ಡಿಯಂತಾದವು, ಗಾಯ ಮಾಯಲಿಲ್ಲ. ಪರೀಕ್ಷಿಸಿದ ವೈದ್ಯರು, "ಏನು ಊಟ ಕೊಡುತ್ತಿದ್ದೀರಿ, ಮೇಷ್ಟ್ರೇ?" ಎಂದು ಕೇಳಿದರು. ನಾನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾಣೆ ಮೀನು ಸಿಕ್ಕರೆ ನಾಳೆಯಿಂದಲೇ ಸಾರು ಮಾಡಿಸಿ" ಎಂದರು. ಅಷ್ಟು ಓದಿಕೊಂಡವನು ತಾಯಿಯ ತಟ್ಟೆಯಲ್ಲಿ ಇಲ್ಲದಿದ್ದುದನ್ನು ಕಾಣದೆ ಹೋಗಿದ್ದೆ.

ಆಮೇಲೆ ಪುಸ್ತಕಗಳನ್ನು ತಿರುವಿ, ತಿಳಿದವರನ್ನು ಕೇಳಿ ಅರಿತುಕೊಂಡ ಸಂಗತಿಗಳಿವು. ಮೀನುಗಳಲ್ಲಿ ಸ್ಥೂಲವಾಗಿ ಎರಡು ಬಗೆ. ಬಂಗುಡೆ, ಬೂತಾಯಿಗಳು ಗುಂಪುಗೂಡಿ ಬಿಡುವಿಲ್ಲದೆ ಈಜುವಂಥವು. ದೀರ್ಘ ಶ್ರಮಕ್ಕೆ ಬೇಕಾದ ಕೊಬ್ಬನ್ನು ಅವು ಮಾಂಸದಲ್ಲಿಯೇ ಕೂಡಿಡುತ್ತವೆ. ಆಮ್ಲಜನಕವನ್ನು ಹಿಡಿದಿಡುವ ಕೆಂಪು ವರ್ಣದ್ರವ್ಯವೂ ಅವುಗಳ ಸ್ನಾಯುವಿನಲ್ಲಿ ಹೆಚ್ಚು. ಆದುದರಿಂದ ಅವುಗಳ ಮಾಂಸಕ್ಕೆ ಕಂದು ಛಾಯೆ, ಎಣ್ಣೆಯ ಜಿಡ್ಡು. ಕಾಣೆ, ನಂಗುಗಳ ಬಾಳು ಬೇರೆ. ಅವು ಮರಳಿನ ತಳವನ್ನು ನೆಚ್ಚಿದವು. ಬೆದರಿದರೆ ಕಾಣೆಯು ಮರಳಿನೊಳಗೆ ಹೂತುಕೊಂಡುಬಿಡುತ್ತದೆ. ಒಮ್ಮೆ ಛಂಗನೆ ಚಿಮ್ಮುವುದಕ್ಕೆ ಬೇಕಾದ ಬಿಳಿಯ ಸ್ನಾಯುವೇ ಅವುಗಳಲ್ಲಿ ಅಧಿಕ. ಉತ್ತರ ಅಟ್ಲಾಂಟಿಕ್ ಸಾಗರದ ಕಾಡ್ ಮೀನೂ ಬಿಳಿ ಮಾಂಸದ್ದೇ. ಅದು ತನ್ನ ಕೊಬ್ಬನ್ನು ಯಕೃತ್ತಿನಲ್ಲಿ ಇಡುತ್ತದೆ. ಮಕ್ಕಳಿಗೆ ಮೂಗು ಹಿಡಿದು ಕುಡಿಸುತ್ತಿದ್ದ ಕಾಡ್ ಲಿವರ್ ಎಣ್ಣೆ ಅದೇ. 1922ರಲ್ಲಿ ಅಮೆರಿಕದ ಮೆಕಾಲಮ್ ಮತ್ತು ಸಂಗಡಿಗರು, ರಿಕೆಟ್ಸ್ ರೋಗವನ್ನು ತಡೆಯುವ 'ಡಿ' ಜೀವಸತ್ವವನ್ನು ಪ್ರತ್ಯೇಕವಾಗಿ ಗುರುತಿಸಿದ್ದು ಆ ಎಣ್ಣೆಯ ಪರೀಕ್ಷೆಯಿಂದಲೇ.

ಇಂಥ ಬಿಳಿ ಮೀನಿನ ನೂರು ಗ್ರಾಂ ಮಾಂಸದಲ್ಲಿ 18ರಿಂದ 20 ಗ್ರಾಮಿನಷ್ಟು ಸಸಾರಜನಕ, ಎಂದರೆ ಪ್ರೋಟೀನು, ಇರುತ್ತದೆ. ಕೊಬ್ಬು ಒಂದೆರಡು ಗ್ರಾಂ ಮಾತ್ರ. ಪಿಷ್ಟ ಇಲ್ಲವೆಂದೇ ಹೇಳಬೇಕು. ಕ್ಯಾಲರಿಗಳು ನೂರನ್ನು ದಾಟುವುದಿಲ್ಲ. ಬಿ12 ಜೀವಸತ್ವ, ರಂಜಕ, ಸೆಲೆನಿಯಮ್, ಕಡಲ ಮೀನಾದರೆ ಅಯೋಡಿನ್ ಕೂಡ ದೊರೆಯುತ್ತವೆ. ಮೀನಿನ ಸ್ನಾಯುವಿನ ಎಳೆಗಳು ಗಿಡ್ಡ, ಅವು ಪದರಪದರವಾಗಿರುತ್ತವೆ. ಪದರಗಳನ್ನು ಬಂಧಿಸುವ ಅಂಗಾಂಶವು ಆಡಿನ ಮಾಂಸದಲ್ಲಿರುವುದಕ್ಕಿಂತ ಬಹು ಕಡಮೆ. ಅದೂ ಅಲ್ಪ ಶಾಖಕ್ಕೇ ಕರಗುತ್ತದೆ. ಹಲ್ಲಿಲ್ಲದ ಮುದುಕರಿಗೂ, ಜ್ವರದಿಂದ ಎದ್ದವರಿಗೂ ಇದು ಸುಲಭವಾಗಿ ಒಗ್ಗುವುದು ಆ ಕಾರಣಕ್ಕೆ.

ಈಗ ಅಮ್ಮನ ಗಂಜಿಯ ಲೆಕ್ಕ ನೋಡಿ. ಆಗ ಆಕೆಯ ತೂಕ 45 ಕಿಲೋ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2020ರಲ್ಲಿ ನೀಡಿದ ಶಿಫಾರಸಿನಂತೆ, ಆರೋಗ್ಯವಂತ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕು. ಹಾಗೆಂದರೆ ಆಕೆಗೆ 37 ಗ್ರಾಂ. ಗಾಯ ಮಾಯಬೇಕಾದವರಿಗೆ ಅದಕ್ಕೂ ಹೆಚ್ಚು. ದಿನಕ್ಕೆ 150 ಗ್ರಾಂ ಅಕ್ಕಿಯ ಗಂಜಿ ಕುಡಿದರೂ ಸಿಗುತ್ತಿದ್ದುದು ಹತ್ತು ಹನ್ನೆರಡು ಗ್ರಾಂ ಮಾತ್ರ. ಉಳಿದುದನ್ನು ದೇಹ ತನ್ನ ತೋಳು ತೊಡೆಗಳ ಸ್ನಾಯುವನ್ನೇ ಕರಗಿಸಿ ತೆಗೆದುಕೊಳ್ಳುತ್ತಿತ್ತು. ಅಲ್ಲದೆ ಅಕ್ಕಿಯಲ್ಲಿ ಲೈಸೀನ್ ಎಂಬ ಅಮೈನೊ ಆಮ್ಲ ಕಡಮೆ. ಮೀನಿನಲ್ಲಿ ಅದು ಹೇರಳ. ಕುಚ್ಚಲಕ್ಕಿ ಗಂಜಿಗೆ ಮೀನಿನ ಸಾರನ್ನು ಜೊತೆಗೂಡಿಸಿದ ಕರಾವಳಿಯ ಅಜ್ಜಿಯರು ರಸಾಯನಶಾಸ್ತ್ರ ಓದಿರಲಿಲ್ಲ. ಆದರೂ ಜೋಡಿ ಸರಿಯಾಗಿಯೇ ಕೂಡಿತ್ತು. ಮೀನು ತಿನ್ನದವರ ಮನೆಯಲ್ಲಿ ತೊಗರಿ, ಹೆಸರು, ಕಡಲೆಗಳು ಅಕ್ಕಿಯ ಇದೇ ಕೊರತೆಯನ್ನು ತುಂಬುತ್ತವೆ. ಸಸ್ಯಾಹಾರಿಗಳಾದ ಮಿತ್ರರು ನನ್ನ ಮಾತನ್ನು ತಪ್ಪಾಗಿ ತಿಳಿಯಬಾರದು.

ಬಿಳಿ ಮೀನಿನ ಮಿತಿಯನ್ನೂ ಹೇಳಬೇಕು. ಹೃದಯಕ್ಕೆ ಹಿತವೆನ್ನುವ ಒಮೆಗಾ-3 ಕೊಬ್ಬು ಇದರಲ್ಲಿ ಅಲ್ಪ. 'ಡಿ' ಜೀವಸತ್ವವೂ ಅಷ್ಟೆ. ಅವುಗಳಿಗಾಗಿ ಬಡವರ ಮೀನೆನಿಸಿದ ಬೂತಾಯಿಯೇ ಮೇಲು. ವಾರದಲ್ಲಿ ಎರಡನ್ನೂ ಸರದಿಯಂತೆ ತಿನ್ನುವುದು ಜಾಣತನ. ರವೆ ಹಚ್ಚಿ ಎಣ್ಣೆಯಲ್ಲಿ ಮುಳುಗಿಸಿ ಕರಿದರೆ ಕಾಣೆಯಲ್ಲಿ ಇಲ್ಲದ ಕೊಬ್ಬನ್ನು ನಾವೇ ತುಂಬಿದಂತಾಗುತ್ತದೆ. ಸಾರೋ, ಹಬೆಯೋ ಉತ್ತಮ. ಒಣಮೀನಿನಲ್ಲಿ ಪ್ರೋಟೀನು ಸಾಂದ್ರವಾಗಿದ್ದರೂ ರಕ್ತದೊತ್ತಡವಿದ್ದವರು ಅದರ ಉಪ್ಪಿಗೆ ಹೆದರಬೇಕು. ಮೂತ್ರಪಿಂಡದ ರೋಗಿಗಳು ಪ್ರೋಟೀನಿನ ಪ್ರಮಾಣವನ್ನು ವೈದ್ಯರಿಂದಲೇ ಕೇಳಿ ತಿಳಿಯಬೇಕು. ಮೀನು ಮೈಗೆ ಒಗ್ಗದೆ ದದ್ದು ಏಳುವವರಿಗೆ ಅದು ನಿಜವಾಗಿಯೂ ವರ್ಜ್ಯ. ನಂಜಿನ ನಂಬಿಕೆ ಹುಟ್ಟಿದ್ದು ಅಂಥ ಕೆಲವರ ಅನುಭವದಿಂದಲೋ ಏನೋ. ಕೆಲವರ ಪಥ್ಯವನ್ನು ಎಲ್ಲರ ಮೇಲೂ ಹೇರಿದ್ದೇ ನಮ್ಮ ತಪ್ಪು.

ಮಳೆಗಾಲದಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಆದರೆ ಕಾಣೆ ಅಳಿವೆಯಲ್ಲಿಯೂ ಬಾಳುವ ಮೀನು. ಬುಟ್ಟಿ ಹೊತ್ತು ಬರುತ್ತಿದ್ದ ಹೆಂಗಸು ಹೊಳೆಯ ಬಲೆಗೆ ಬಿದ್ದ ನಾಲ್ಕು ಕಾಣೆಗಳನ್ನು ನಮ್ಮ ಮನೆಗೆಂದೇ ತೆಗೆದಿರಿಸಿ ತರತೊಡಗಿದಳು. ಅಮ್ಮ ಮೊದಲ ದಿನ ಮುಳ್ಳು ಬಿಡಿಸಿಕೊಟ್ಟ ಎರಡೇ ತುಂಡು ತಿಂದರು. ತಿಂಗಳೊಪ್ಪತ್ತಿನಲ್ಲಿ ಗಾಯ ಕೂಡಿಕೊಂಡಿತು. ದೀಪಾವಳಿಯ ಹೊತ್ತಿಗೆ ಕೋಲೂರಿಕೊಂಡು ಜಗಲಿಗೆ ಬಂದು ಕುಳಿತರು. ಔಷಧ, ಆರೈಕೆ, ಆಕೆಯ ಛಲ ಎಲ್ಲವೂ ಅದರಲ್ಲಿ ಸೇರಿದ್ದವು. ಮೀನೊಂದೇ ಗುಣಪಡಿಸಿತೆಂದು ನಾನು ಹೇಳಲಾರೆ. ಆದರೆ ಆ ಮೂರು ವಾರ ತಾಯಿ ಹಸಿದಿದ್ದರು, ತುಂಬಿದ ಬಟ್ಟಲಿನ ಮುಂದೆಯೇ ಹಸಿದಿದ್ದರು. ನಿಮ್ಮ ಮನೆಯಲ್ಲಿಯೂ ಹಾಸಿಗೆ ಹಿಡಿದ ಹಿರಿಯರಿದ್ದರೆ, ಅವರ ಬಟ್ಟಲು ತುಂಬಿದೆಯೇ ಎಂದಷ್ಟೇ ನೋಡಬೇಡಿ. ಅದರಲ್ಲಿ ಏನಿದೆ ಎಂಬುದನ್ನೂ ಇಂದು ರಾತ್ರಿ ಒಮ್ಮೆ ನೋಡಿ.