ಸಾಕ್ಸಿನ ಸುಕ್ಕು ಮತ್ತು ಹತ್ತು ಪ್ರಶಸ್ತಿ

ಮಂಗಳೂರಿನ ಕಾಲೇಜು ಅಂಗಳಗಳಲ್ಲಿ ಬಾಸ್ಕೆಟ್‌ಬಾಲ್ ಆಡುವವರಿಗೆ ಕಾಟ ಎರಡು: ಜೂನ್‌ನಲ್ಲಿ ಹಿಡಿಯುವ ಮಳೆ, ಉಳಿದ ತಿಂಗಳುಗಳ ಸೆಕೆ. ಮಳೆಗೆ ಯಾವ ಕೋಚ್ ಬಳಿಯೂ ಮದ್ದಿಲ್ಲ. ಸೆಕೆಗೆ ಬೆವೆತ ಪಾದದಲ್ಲಿ ಏಳುವ ಬೊಕ್ಕೆಗೆ ಮಾತ್ರ ಇದೆ. ಅದನ್ನೊಂದು ಪಾಠವನ್ನಾಗಿ ಮಾಡಿದವರು ಜಾನ್ ವುಡನ್. 1948ರಿಂದ 1975ರವರೆಗೆ 27 ವರ್ಷ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ತಂಡವನ್ನು ತಿದ್ದಿದವರು. ಅದಕ್ಕೂ ಮೊದಲು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು.

ದೇಶದ ಅತ್ಯುತ್ತಮ ಹುಡುಗರು ತಂಡಕ್ಕೆ ಬಂದರೆ ಅವರಿಗೆ ಸಿಗುತ್ತಿದ್ದ ಮೊದಲ ಪಾಠ ಸಾಕ್ಸ್ ಹಾಕಿಕೊಳ್ಳುವುದು. ಬೆರಳ ತುದಿಯಿಂದ ಎಳೆದು, ಕಿರುಬೆರಳ ಬುಡದಲ್ಲೂ ಹಿಮ್ಮಡಿಯ ಸುತ್ತಲೂ ಕೈಯಾಡಿಸಿ ಸುಕ್ಕು ತೆಗೆಯಬೇಕು. ಶೂ ಒಳಗೆ ಕಾಲು ತೂರಿಸುವಾಗ ಸಾಕ್ಸನ್ನು ಮೇಲಕ್ಕೆ ಎತ್ತಿ ಹಿಡಿದಿರಬೇಕು. ಲೇಸನ್ನು ತೂತು ತೂತಿಗೂ ಬಿಗಿದು, ಕೊನೆಗೆ ಎರಡು ಗಂಟು. ಒಂದು ಸುಕ್ಕು ಉಳಿದರೆ ಚರ್ಮ ಉಜ್ಜುತ್ತದೆ, ಬೊಕ್ಕೆ ಏಳುತ್ತದೆ, ಆಟಗಾರ ಬೆಂಚಿನಲ್ಲಿ ಕೂರುತ್ತಾನೆ. ಓಡುತ್ತಾ ಗಕ್ಕನೆ ನಿಂತು ತಿರುಗುವ ಆಟದಲ್ಲಿ ಪಾದ ಕೆಟ್ಟರೆ ಎಂಥ ಶೂಟರ್ ಇದ್ದೂ ಪ್ರಯೋಜನವಿಲ್ಲ.

ಸಂಜೆಯ ಅಭ್ಯಾಸ ಎರಡು ಗಂಟೆ. ಅದನ್ನು ಯೋಜಿಸಲು ಸಹಾಯಕರೊಂದಿಗೆ ಬೆಳಿಗ್ಗೆ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಯಾವ ನಿಮಿಷಕ್ಕೆ ಯಾವ ಕಸರತ್ತು, ಎಲ್ಲಿ ಎಷ್ಟು ಚೆಂಡು ಬೇಕು ಎಂಬುದೆಲ್ಲ ಅಂಗೈಯಗಲದ ಕಾರ್ಡಿನಲ್ಲಿ ಬರೆದಿರುತ್ತಿತ್ತು. ಆ ಕಾರ್ಡುಗಳನ್ನು ಎಸೆಯದೆ, ಹೋದ ವರ್ಷ ಇದೇ ದಿನ ಏನು ಮಾಡಿಸಿದ್ದೆವೆಂದು ತೆಗೆದು ನೋಡುತ್ತಿದ್ದರು.

ಫಲಕ್ಕೆ ಕಾಯಬೇಕಾಯಿತು. ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂದದ್ದು 1964ರಲ್ಲಿ, ಅವರ ಹದಿನಾರನೆಯ ಋತುವಿನಲ್ಲಿ. ನಮ್ಮಲ್ಲಾಗಿದ್ದರೆ ಅಷ್ಟರೊಳಗೆ ಎಷ್ಟು ಕೋಚ್‌ಗಳು ಬದಲಾಗುತ್ತಿದ್ದರೋ! ಆಮೇಲೆ 1975ರೊಳಗೆ ಇನ್ನೂ ಒಂಬತ್ತು ಬಂದವು. ನಡುವೆ ಸತತ 88 ಪಂದ್ಯಗಳ ಗೆಲುವೂ ಸೇರಿತು.

ಕೊನೆಯ ಋತುವಿನಲ್ಲಿ ರೊನಾಲ್ಡ್ ಗ್ಯಾಲಿಮೋರ್ ಮತ್ತು ರೋಲಂಡ್ ಥಾರ್ಪ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಅಂಗಳದ ಪಕ್ಕ ಕುಳಿತು, ವುಡನ್ ಕಲಿಸಿದ ಬಗೆಯನ್ನೆಲ್ಲ ಗುರುತು ಹಾಕಿಕೊಂಡರು. ಲೆಕ್ಕಕ್ಕೆ ಸಿಕ್ಕವು 2,326. ಹೊಗಳಿಕೆ ನೂರಕ್ಕೆ ಏಳರಷ್ಟೂ ಇಲ್ಲ, ಗದರಿಕೆಯೂ ಹೆಚ್ಚುಕಡಿಮೆ ಅಷ್ಟೇ. ಮುಕ್ಕಾಲು ಪಾಲು ಬರಿಯ ವಿಷಯ: ಮೊಣಕಾಲು ಎಷ್ಟು ಬಾಗಬೇಕು, ಪಾಸ್ ಯಾವಾಗ ಹೋಗಬೇಕು, ಹೀಗೆ. ಹುಡುಗ ತಪ್ಪಿದರೆ ವುಡನ್ ತಾವೇ ಸರಿಯಾಗಿ ಮಾಡಿ ತೋರಿಸುವರು, ಅವನು ಮಾಡಿದ ಹಾಗೆ ಒಮ್ಮೆ ಮಾಡುವರು, ಮತ್ತೆ ಸರಿಯಾಗಿ ಮಾಡುವರು. ಕೆಲವೇ ಸೆಕೆಂಡುಗಳ ಕೆಲಸ. ಅಷ್ಟರಲ್ಲಿ ಚೆಂಡು ಮತ್ತೆ ಹುಡುಗನ ಕೈಯಲ್ಲಿರುತ್ತಿತ್ತು.