ಟರ್ಬೊಗೂ ಒಂದು ಕೋಡಿ ಇದೆ

ಜೀಪು, ಪಿಕಪ್‌ಗಳ ಡೀಸೆಲ್ ಎಂಜಿನ್ನಿಗೆ ಈಗ ಟರ್ಬೊ ಸಾಮಾನ್ಯ. ಏರಿನಲ್ಲಿ ಎಳೆತ ಸಾಲದು ಅಂದರೆ ‘ಟರ್ಬೊ ರಾಡು ಬಿಗಿ ಮಾಡಿಕೊಡ್ತೀನಿ’ ಅನ್ನುವ ಮೆಕ್ಯಾನಿಕ್‌ಗಳಿದ್ದಾರೆ. ಹೂಂ ಅನ್ನುವ ಮೊದಲು ಆ ರಾಡಿನ ಕೆಲಸ ಏನು ಅಂತ ಗೊತ್ತಿರಲಿ.

ಟರ್ಬೊ ಅಂದರೆ ಒಂದೇ ಶಾಫ್ಟಿಗೆ ಎರಡು ಚಕ್ರ. ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆ ಒಂದನ್ನು ತಿರುಗಿಸುತ್ತೆ, ಇನ್ನೊಂದು ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತೆ. ಗಾಳಿ ಹೆಚ್ಚಿದಷ್ಟೂ ಡೀಸೆಲ್ ಹೆಚ್ಚು ಉರಿಸಬಹುದು. ಹೆಚ್ಚು ಉರಿದರೆ ಹೊಗೆಯ ರಭಸ ಹೆಚ್ಚು, ಚಕ್ರ ಇನ್ನೂ ಜೋರು. ನಿಮಿಷಕ್ಕೆ 1 ಲಕ್ಷ ಸುತ್ತು ದಾಟುವುದೂ ಉಂಟು. ತಡೆ ಇಲ್ಲದಿದ್ದರೆ ಒತ್ತಡ ಎಂಜಿನ್ನು ತಾಳುವ ಮಿತಿ ಮೀರುತ್ತೆ.

ಅದಕ್ಕೇ, ಕೆರೆಗೆ ಕೋಡಿ ಇದ್ದ ಹಾಗೆ, ಹೊಗೆ ಚಕ್ರ ತಲುಪುವ ಮೊದಲೇ ಒಂದು ಪುಟ್ಟ ಬಾಗಿಲು ಇಟ್ಟಿರುತ್ತಾರೆ. ವೇಸ್ಟ್‌ಗೇಟ್ ಅಂತ ಹೆಸರು. ಸಾದಾ ಟರ್ಬೊದಲ್ಲಿ ಪಕ್ಕಕ್ಕೊಂದು ಡಬ್ಬಿ, ಒಳಗೆ ರಬ್ಬರ್ ಪೊರೆ, ಸ್ಪ್ರಿಂಗು. ಗಾಳಿ ಕಡೆಯಿಂದ ಅದಕ್ಕೆ ಸಣ್ಣ ಪೈಪು. ಒತ್ತಡ ಹೆಚ್ಚಾದರೆ ಪೊರೆ ರಾಡನ್ನು ತಳ್ಳುತ್ತೆ, ಬಾಗಿಲು ತೆರೆಯುತ್ತೆ, ಮಿಕ್ಕ ಹೊಗೆ ಚಕ್ರ ಮುಟ್ಟದೆ ಸೀದಾ ಸೈಲೆನ್ಸರಿಗೆ. ಹೆಚ್ಚಾಗೋದು ಗಾಳಿ, ಹೊರಬಿಡೋದು ಹೊಗೆ, ಅಷ್ಟೇ ವಿಚಿತ್ರ. (ಪೆಟ್ರೋಲ್ ಕಾರುಗಳಲ್ಲಿ ಗಾಳಿ ಬಿಡಲಿಕ್ಕೂ ಬೇರೆ ವಾಲ್ವು ಇರುತ್ತೆ.)

ರಾಡು ಬಿಗಿ ಮಾಡಿದರೆ ಬಾಗಿಲು ತಡವಾಗಿ ತೆರೆಯುತ್ತೆ. ಎಳೆತ ಹೆಚ್ಚಿದಂತೆ ಕಂಡರೂ ಪೆಟ್ಟು ಬೀಳೋದು ಹೆಡ್ ಗ್ಯಾಸ್ಕೆಟ್, ಪಿಸ್ಟನ್, ಟರ್ಬೊ ಶಾಫ್ಟಿಗೆ. ಒಂದು ಬೆಳೆಯ ದುಡ್ಡು ಅಲ್ಲೇ ಹೋದೀತು. ಸಣ್ಣ ಪೈಪು ಸೀಳಿದರೂ ಇದೇ ಗತಿ, ಡಬ್ಬಿಗೆ ಒತ್ತಡದ ಸುದ್ದಿಯೇ ಮುಟ್ಟಲ್ಲ. ಬಾಗಿಲು ತೆರೆದೇ ಕಚ್ಚಿಕೊಂಡರೆ ಎಳೆತ ಸೋಲುತ್ತೆ. ಎಳೆತ ಕಮ್ಮಿಯಾದಾಗ ಮೊದಲು ಏರ್ ಫಿಲ್ಟರ್, ಗಾಳಿ ಪೈಪಿನ ಕ್ಲಿಪ್ಪು ನೋಡಿ. ಆಮೇಲೆ, ಎಂಜಿನ್ ತಣ್ಣಗಾದ ಮೇಲೆ, ರಾಡು ಸಲೀಸಾಗಿ ಆಡುತ್ತಾ ಅಂತ ನೋಡಿಸಿ.