ಹಬ್ಬದ ರಿಯಾಯಿತಿ: ಬೆಲೆ ಏಕೆ ಇಳಿಯಿತು ಎಂದು ತಿಳಿದು ಕೊಳ್ಳೋಣ

ತುಮಕೂರಿನ ಅಂತರಸನಹಳ್ಳಿ ತರಕಾರಿ ಮಾರುಕಟ್ಟೆಗೆ ಹೋಗುವವರಿಗೆ ಒಂದು ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬೆಳಿಗ್ಗೆ ಬಂದ ಗಟ್ಟಿ ಟೊಮೆಟೊಗೆ ಒಂದು ದರ, ಬಿಸಿಲೇರಿದ ಮೇಲೆ ಉಳಿದ ಮೆತ್ತನೆಯ ಟೊಮೆಟೊಗೆ ಇನ್ನೊಂದು ದರ. ದರ ಏಕೆ ಇಳಿಯಿತು ಎಂಬುದು ಕಣ್ಣೆದುರೇ ಇರುತ್ತದೆ. ಇಂದೇ ಸಾರಿಗೆ ಹಾಕುವುದಾದರೆ ಅಗ್ಗದ್ದನ್ನು ತರುತ್ತೇವೆ, ಮೂರು ದಿನ ಇಡಬೇಕಾದರೆ ಗಟ್ಟಿಯದನ್ನೇ ಆರಿಸುತ್ತೇವೆ.

ಮೊಬೈಲಿನಲ್ಲಿ ಕೊಳ್ಳುವಾಗ ಈ ಅನುಕೂಲ ಇಲ್ಲ. ರಮಝಾನ್ ಹತ್ತಿರವಾದಂತೆ ಖರ್ಜೂರ, ಬಾದಾಮಿ, ಶರಬತ್ತು, ಅತ್ತರ್, ಮೆಹಂದಿ, ಮಕ್ಕಳ ಬಟ್ಟೆ ಎಲ್ಲದರ ಮೇಲೂ ಶೇ. 40, ಶೇ. 60 ರಿಯಾಯಿತಿ ಎಂಬ ಅಕ್ಷರಗಳು ಪರದೆಯ ಮೇಲೆ ಕಾಣತೊಡಗುತ್ತವೆ. ಎಷ್ಟು ಇಳಿದಿದೆ ಎಂದು ಅಲ್ಲಿ ಬರೆದಿರುತ್ತದೆ. ಏಕೆ ಇಳಿದಿದೆ ಎಂದು ಬರೆದಿರುವುದಿಲ್ಲ. ಬಟ್ಟೆಯ ವಿಷಯದಲ್ಲಿ ಇದರಿಂದ ಆಗುವ ನಷ್ಟ ಹಣದ್ದು ಮಾತ್ರ. ಬಾಯಿಗೆ ಹಾಕುವ, ಚರ್ಮಕ್ಕೆ ಹಚ್ಚುವ ವಸ್ತುವಾದರೆ ಆರೋಗ್ಯವೂ ಲೆಕ್ಕಕ್ಕೆ ಬರುತ್ತದೆ.

ಮದೀನಾದ ಮಾರುಕಟ್ಟೆಯಲ್ಲಿ ಪ್ರವಾದಿಯವರು(ಸ) ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಒಳಗೆ ತೇವ ಸಿಕ್ಕಿದ್ದು, ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲಿಡಬೇಕಿತ್ತೆಂದು ವ್ಯಾಪಾರಿಯನ್ನು ಅವರು ಎಚ್ಚರಿಸಿದ್ದು ನಮಗೆಲ್ಲ ತಿಳಿದ ಪ್ರಸಂಗ. ರಾಶಿಯೊಳಗೆ ಕೈಯಿಡಲಾಗದ ಇಂದಿನ ಖರೀದಿಯಲ್ಲಿ ಒಳಗಿನ ತೇವವನ್ನು ತಿಳಿಯುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಶೇಕಡಾ ಲೆಕ್ಕ ಹುಟ್ಟುವುದು ಎಲ್ಲಿ?

ಪೊಟ್ಟಣದ ಮೇಲೆ ಮುದ್ರಿಸಿದ ಎಂ.ಆರ್.ಪಿ. ಎಂದರೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ. ಅದಕ್ಕಿಂತ ಹೆಚ್ಚಿಗೆ ಮಾರುವಂತಿಲ್ಲ. ಆದರೆ ಖರ್ಜೂರ, ಒಣಹಣ್ಣುಗಳಂತಹ ವಸ್ತುಗಳಿಗೆ ಎಷ್ಟು ಎಂ.ಆರ್.ಪಿ. ಮುದ್ರಿಸಬೇಕು ಎಂಬುದನ್ನು ತೀರ್ಮಾನಿಸುವವರು ತಯಾರಕರು ಅಥವಾ ಆಮದುದಾರರೇ. ಮೇಲಿನ ಗೆರೆಯನ್ನು ಎತ್ತರದಲ್ಲಿ ಎಳೆದುಕೊಂಡರೆ ಕೆಳಗಿನ ಬೆಲೆ ತಾನಾಗಿಯೇ ಅಗ್ಗವಾಗಿ ಕಾಣುತ್ತದೆ.

ಒಂದು ಉದಾಹರಣೆ ನೋಡೋಣ. ಅರ್ಧ ಕಿಲೋ ಖರ್ಜೂರಕ್ಕೆ ಎಂ.ಆರ್.ಪಿ. 600 ರೂ., ರಿಯಾಯಿತಿ ಶೇ. 60, ಕೊಡಬೇಕಾದದ್ದು 240 ರೂ. ಇನ್ನೊಂದು ಒಂದು ಕಿಲೋ ಪೊಟ್ಟಣಕ್ಕೆ ಎಂ.ಆರ್.ಪಿ. 480 ರೂ., ರಿಯಾಯಿತಿ ಬರೀ ಶೇ. 10, ಕೊಡಬೇಕಾದದ್ದು 432 ರೂ. ಕಣ್ಣು ಹೋಗುವುದು ಶೇ. 60ರ ಕಡೆಗೆ. ಕಿಲೋ ಲೆಕ್ಕ ಹಾಕಿದರೆ ಮೊದಲನೆಯದು 480 ರೂ., ಎರಡನೆಯದು 432 ರೂ. ಒಂದೇ ಜಾತಿಯ ಖರ್ಜೂರವಾದರೆ ಕಡಿಮೆ ರಿಯಾಯಿತಿಯದೇ ಅಗ್ಗ.

ಈ ಲೆಕ್ಕವನ್ನು ಸುಲಭ ಮಾಡಲೆಂದೇ ಕಾನೂನು ಮಾಪನಶಾಸ್ತ್ರದ 2011ರ ಪೊಟ್ಟಣ ಸಾಮಗ್ರಿ ನಿಯಮಗಳಿಗೆ ತಿದ್ದುಪಡಿ ಬಂದು, ಗ್ರಾಂ ಅಥವಾ ಕಿಲೋಗೆ ಎಷ್ಟು ಎಂಬ ‘ಯೂನಿಟ್ ಬೆಲೆ’ಯನ್ನೂ ಪೊಟ್ಟಣದ ಮೇಲೆ ಮುದ್ರಿಸಬೇಕಾಗಿದೆ. ಆದರೆ ಅದು ಎಂ.ಆರ್.ಪಿ.ಯ ಯೂನಿಟ್ ಲೆಕ್ಕ. ರಿಯಾಯಿತಿ ಕಳೆದ ಮೇಲಿನ ಕಿಲೋ ದರವನ್ನು ನಾವೇ ತೆಗೆಯಬೇಕು. ಮೊಬೈಲಿನ ಕ್ಯಾಲ್ಕುಲೇಟರಿಗೆ ಅರ್ಧ ನಿಮಿಷದ ಕೆಲಸ.

ತೆರಿಗೆಯ ಇಳಿಕೆಯೂ ರಿಯಾಯಿತಿಯ ವೇಷದಲ್ಲಿ ಬರಬಹುದು. 2025ರ ಸೆಪ್ಟೆಂಬರ್ 22ರಿಂದ ಒಣ ಖರ್ಜೂರ, ಬಾದಾಮಿ, ಪಿಸ್ತಾ ಮುಂತಾದವುಗಳ ಜಿ.ಎಸ್.ಟಿ. ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ತೆರಿಗೆ ಸೇರಿ 112 ರೂ. ಇದ್ದದ್ದು 105 ರೂ.ಗೆ ಬರುವುದು ಸರ್ಕಾರ ಬಿಟ್ಟುಕೊಟ್ಟ ಹಣ, ಅಂಗಡಿಯ ಉದಾರತೆಯಲ್ಲ. ಬೆಲೆ ಇಳಿಸಿದ ಸ್ಟಿಕರ್ ಅಂಟಿಸುವುದು ತಪ್ಪಲ್ಲ. ಮೂಲ ಎಂ.ಆರ್.ಪಿ.ಯನ್ನು ಅದು ಮುಚ್ಚಬಾರದು, ಅಷ್ಟೇ.

ಹಬ್ಬ ಮುಂದೆ ಸರಿಯುತ್ತದೆ, ಫಸಲು ಸರಿಯುವುದಿಲ್ಲ

ಆನ್‌ಲೈನ್ ಕಂಪನಿಗಳ ಅತಿ ದೊಡ್ಡ ಮಾರಾಟಗಳು ನಮ್ಮ ದೇಶದಲ್ಲಿ ದಸರಾ-ದೀಪಾವಳಿಯ ಸುತ್ತ ನಡೆಯುತ್ತವೆ. ಫ್ಲಿಪ್‌ಕಾರ್ಟಿನ ‘ಬಿಗ್ ಬಿಲಿಯನ್ ಡೇ’ 2014ರ ಅಕ್ಟೋಬರಿನಲ್ಲಿ ಶುರುವಾದದ್ದು. ಅದೇ ವರ್ಷ ಅರಬ್ ದೇಶಗಳಲ್ಲಿ ಸೂಕ್ ಡಾಟ್ ಕಾಮ್, ಅಮೆರಿಕದ ‘ಬ್ಲ್ಯಾಕ್ ಫ್ರೈಡೇ’ಯನ್ನು ‘ವೈಟ್ ಫ್ರೈಡೇ’ ಎಂದು ಹೆಸರು ಬದಲಿಸಿ ತಂದಿತು. ಶುಕ್ರವಾರ ನಮಗೆ ಗೌರವದ ದಿನ, ಅದನ್ನು ಕಪ್ಪೆಂದು ಕರೆಯುವುದು ರುಚಿಸದೆಂದು ಅವರಿಗೆ ಗೊತ್ತಿತ್ತು. ವ್ಯಾಪಾರ ನಮ್ಮ ಭಾವನೆಗಳನ್ನು ಎಷ್ಟು ಚೆನ್ನಾಗಿ ಓದುತ್ತದೆ ಎಂಬುದಕ್ಕೆ ಇದೊಂದು ಸಾಕ್ಷಿ.

ರಮಝಾನ್ ಮಾತ್ರ ಯಾವ ಮಾರಾಟ ಪಂಚಾಂಗಕ್ಕೂ ಸಿಗುವುದಿಲ್ಲ. ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಹಿಂದಕ್ಕೆ ಬರುತ್ತದೆ. 2018ರಲ್ಲಿ ಮೇ ತಿಂಗಳಲ್ಲಿ ಶುರುವಾಗಿದ್ದದ್ದು 2025ರಲ್ಲಿ ಮಾರ್ಚ್ ಆರಂಭಕ್ಕೆ ಬಂತು. 2030ರಲ್ಲಿ ಜನವರಿಯಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಇನ್ನೊಮ್ಮೆ ಬರಲಿದೆ. ಖರ್ಜೂರದ ಕೊಯ್ಲಾದರೋ ಕೊಲ್ಲಿ ದೇಶಗಳು, ಇರಾನ್, ಇರಾಕ್‌ಗಳಲ್ಲಿ ಮುಖ್ಯವಾಗಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಆದ್ದರಿಂದ ಫೆಬ್ರವರಿ-ಮಾರ್ಚ್‌ನ ರಮಝಾನ್‌ಗೆ ನಮ್ಮ ಕೈಸೇರುವ ಹೊಸ ಫಸಲೂ ಐದಾರು ತಿಂಗಳು ದಾಸ್ತಾನಿನಲ್ಲಿ ಇದ್ದು ಬಂದದ್ದೇ. ಅದರ ಜೊತೆ ಹಿಂದಿನ ವರ್ಷದ ಉಳಿಕೆಯೂ ಸೇರಿರಬಹುದು.

ಇಲ್ಲಿ ಮಾರಾಟಗಾರನ ಲೆಕ್ಕವೂ ಸರಳ. ಖರ್ಜೂರಕ್ಕೆ ಬೇಡಿಕೆ ಏರುವುದು ಈ ಒಂದು ತಿಂಗಳಲ್ಲಿ. ಮೊದಲ ವಾರ ಜನ ಬೆಲೆ ನೋಡದೆ ಕೊಳ್ಳುತ್ತಾರೆ, ಆಗ ದೊಡ್ಡ ರಿಯಾಯಿತಿ ಕೊಡುವ ಅಗತ್ಯವೇ ಇರುವುದಿಲ್ಲ. ಈದ್ ಕಳೆದರೆ ದಾಸ್ತಾನು ಹಾಗೇ ಉಳಿಯುತ್ತದೆ, ಮುಂದೆ ಬೇಸಿಗೆಯ ಬಿಸಿ. ಹಾಗಾಗಿ ಬೇಡಿಕೆ ಉತ್ತುಂಗದಲ್ಲಿರುವ ಮೊದಲ ವಾರದಲ್ಲೇ ಶೇ. 60 ಇಳಿಕೆ ಕಂಡರೆ ಸ್ವಲ್ಪ ನಿಂತು ಕಾರಣ ಹುಡುಕಬೇಕು. ಕಾರಣ ಒಳ್ಳೆಯದೂ ಇರಬಹುದು: ಹೊಸ ಕಂಪನಿ ಹೆಸರು ಮಾಡಿಕೊಳ್ಳಲು ನಷ್ಟಕ್ಕೆ ಮಾರುತ್ತಿರಬಹುದು, ಒಟ್ಟಿಗೆ ಹೆಚ್ಚು ತರಿಸಿದ್ದರಿಂದ ಅಗ್ಗವಾಗಿರಬಹುದು. ಅವಧಿ ಮುಗಿಯುತ್ತಾ ಬಂದ ಮಾಲೂ ಇರಬಹುದು.

ಪರದೆಯ ಮೇಲೆ ಕಾಣದ ದಿನಾಂಕ

ಆನ್‌ಲೈನ್ ಪುಟದಲ್ಲಿ ಎಂ.ಆರ್.ಪಿ., ತೂಕ, ತಯಾರಕರ ಅಥವಾ ಆಮದುದಾರರ ವಿಳಾಸ ಮುಂತಾದವನ್ನು ತೋರಿಸಲೇಬೇಕು ಎನ್ನುವ ಮಾಪನಶಾಸ್ತ್ರ ನಿಯಮ, ತಯಾರಾದ ಅಥವಾ ಪ್ಯಾಕ್ ಮಾಡಿದ ತಿಂಗಳು-ವರ್ಷಕ್ಕೆ ಮಾತ್ರ ವಿನಾಯಿತಿ ಕೊಟ್ಟಿದೆ. ಒಂದೇ ಪುಟದಿಂದ ಬೇರೆ ಬೇರೆ ತಂಡದ ಮಾಲು ಹೋಗುತ್ತದೆಂಬುದು ಇದಕ್ಕೆ ಕಾರಣ ಇರಬಹುದು. ಕೊಳ್ಳುವವರಿಗೆ ಮಾತ್ರ ಪೊಟ್ಟಣ ಕೈಗೆ ಬರುವವರೆಗೆ ಅದು ಎಂದಿನದೆಂದು ತಿಳಿಯುವುದಿಲ್ಲ.

ಆದರೆ ಇತರ ನಿಯಮಗಳು ನಮ್ಮ ಕಡೆ ಇವೆ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ಅನ್ವಯವಾಗುವ ವಸ್ತುಗಳಿಗೆ ಬಳಕೆಯ ಅವಧಿ ಮುಗಿಯುವ ದಿನಾಂಕವನ್ನು ಮಾರಾಟಗಾರ ತಿಳಿಸಬೇಕು. ಆನ್‌ಲೈನ್ ಆಹಾರವು ಮನೆಗೆ ತಲುಪುವಾಗ ಅದರ ಬಾಳಿಕೆಯಲ್ಲಿ ಕನಿಷ್ಠ ಶೇ. 30 ಅಥವಾ 45 ದಿನ ಬಾಕಿ ಇರಬೇಕೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್.ಎಸ್.ಎಸ್.ಎ.ಐ. 2024ರ ನವೆಂಬರಿನಲ್ಲಿ ಕಂಪನಿಗಳಿಗೆ ಸೂಚಿಸಿದೆ. ಇಫ್ತಾರ್‌ಗೆಂದು ತರಿಸಿದ ಒಣಹಣ್ಣಿನ ಪೊಟ್ಟಣದಲ್ಲಿ ಇನ್ನು ಹತ್ತು ದಿನ ಮಾತ್ರ ಉಳಿದಿದ್ದರೆ, ‘ರಿಯಾಯಿತಿಯಲ್ಲಿ ಕೊಂಡಿದ್ದೀರಿ, ಸುಮ್ಮನಿರಿ’ ಎನ್ನುವ ಹಕ್ಕು ಯಾರಿಗೂ ಇಲ್ಲ.

ಯಾವುದರಲ್ಲಿ ಏನು ನೋಡಬೇಕು?

ಖರ್ಜೂರ: ಬಿಡಿಸಿ ಒಳಗೆ ನೋಡಿಯೇ ತಿನ್ನಿ. ಹುಳು, ಬೂಷ್ಟು, ಹುಳಿ ವಾಸನೆ ಇದ್ದರೆ ಎಸೆಯಿರಿ. ಮೇಲೆ ಬಿಳಿ ಸಕ್ಕರೆ ಹರಳು ಕಟ್ಟಿದ್ದರೆ ಹಾನಿಯಿಲ್ಲ, ಹಣ್ಣಿನ ಸಕ್ಕರೆಯೇ ಹಾಗೆ ಗಟ್ಟಿಯಾಗುತ್ತದೆ. ಅತಿಯಾಗಿ ಹೊಳೆಯುತ್ತಿದ್ದರೆ ಪದಾರ್ಥಗಳ ಪಟ್ಟಿಯಲ್ಲಿ ಗ್ಲೂಕೋಸ್ ಸಿರಪ್ ಇದೆಯೇ ನೋಡಿ. ಸಕ್ಕರೆ ಕಾಯಿಲೆ ಇರುವವರಿಗೆ ಇದು ಮುಖ್ಯ.

ಬಾದಾಮಿ, ಪಿಸ್ತಾ, ಅಂಜೂರ: ತೇವದಲ್ಲಿಟ್ಟ ಹಳೆಯ ಮಾಲಿನಲ್ಲಿ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಸೇರಬಹುದು. ಇದು ಯಕೃತ್ತಿಗೆ ಹಾನಿಕರ. ತೊಳೆದರೂ ಹುರಿದರೂ ಪೂರ್ತಿ ಹೋಗುವುದಿಲ್ಲ. ಕಹಿ, ಕಮಟು ವಾಸನೆ ಬಂದರೆ ಶೀರ್ ಖುರ್ಮಾಕ್ಕೆ ಹಾಕಿ ಮುಗಿಸುವ ಯೋಚನೆ ಬೇಡ.

ಶರಬತ್ತು: ‘ಒಂದು ಕೊಂಡರೆ ಒಂದು ಉಚಿತ’ ಹೆಚ್ಚಾಗಿ ಕಾಣುವುದು ಇಲ್ಲಿ. ಉಚಿತವಾಗಿ ಬರುವುದು ಬಹುಪಾಲು ಸಕ್ಕರೆ. ದಿನಕ್ಕೆ ಸೇರಿಸಿದ ಸಕ್ಕರೆ 25 ಗ್ರಾಂ, ಅಂದರೆ ಸುಮಾರು ಆರು ಚಮಚದೊಳಗೆ ಇದ್ದರೆ ಉತ್ತಮ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಎರಡು ಬಾಟಲಿ ಮನೆಯಲ್ಲಿದ್ದರೆ ಲೋಟವೂ ದೊಡ್ಡದಾಗುತ್ತದೆ. ನಿಂಬೆ ನೀರು, ಸಬ್ಜಾ ಬೀಜದ ನೀರು, ಕಲ್ಲಂಗಡಿ ಬಾಯಾರಿಕೆ ತಣಿಸಲು ಸಾಕು.

ಮೆಹಂದಿ ಕೋನ್: ಗೋರಂಟಿ ಎಲೆಯ ನಿಜ ಬಣ್ಣ ಕಿತ್ತಳೆಯಿಂದ ಕೆಂಗಂದು, ಹತ್ತಲು ಗಂಟೆಗಟ್ಟಲೆ ಬೇಕು. ಹತ್ತು ನಿಮಿಷದಲ್ಲಿ ಕಡುಕಪ್ಪು ಬರುತ್ತದೆ ಎನ್ನುವ ಕೋನ್‌ನಲ್ಲಿ ಪಿ.ಪಿ.ಡಿ. ಎಂಬ ರಾಸಾಯನಿಕ ಇರುವ ಸಾಧ್ಯತೆ ಹೆಚ್ಚು. ಇದರಿಂದ ಮಕ್ಕಳ ಕೈಯಲ್ಲಿ ಬೊಬ್ಬೆ, ಸುಟ್ಟಂತಹ ಗಾಯ ಆಗಬಹುದು. ಪದಾರ್ಥಗಳ ಪಟ್ಟಿಯೇ ಇಲ್ಲದ ಡಜನ್ ಕೋನ್ ಎಷ್ಟೇ ಅಗ್ಗವಾದರೂ ಬೇಡ.

ಸುರ್ಮಾ: ಹಳೆಯ ಕ್ರಮದ ಕೆಲವು ಸುರ್ಮಾಗಳು ಸೀಸದ ಅದಿರಿನಿಂದ ಮಾಡಿದವು. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೆ ಕುಂದು ತರುತ್ತದೆ, ಅದಕ್ಕೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ. ಯಾರು ತಯಾರಿಸಿದರು, ಪರವಾನಗಿ ಸಂಖ್ಯೆ ಏನು ಎಂದು ತಿಳಿಯದ ಸುರ್ಮಾವನ್ನು ಮಗುವಿನ ಕಣ್ಣಿಗೆ ಹಚ್ಚಬೇಡಿ.

ಆತುರಪಡಿಸುವ ತಂತ್ರಗಳು

‘ಇನ್ನು ಎರಡೇ ಉಳಿದಿವೆ’, ‘ಸಹರಿವರೆಗೆ ಮಾತ್ರ’ ಎಂದು ಓಡುವ ಗಡಿಯಾರ, ಕೊನೆಯ ಪುಟದಲ್ಲಿ ತಲೆಯೆತ್ತುವ ಶುಲ್ಕ, ನಾವು ಹಾಕದಿದ್ದರೂ ಬುಟ್ಟಿಯಲ್ಲಿ ಸೇರಿರುವ ವಸ್ತು ಅಥವಾ ದೇಣಿಗೆ: ಇವು ಸಣ್ಣ ಕಿರಿಕಿರಿಗಳಂತೆ ಕಾಣುತ್ತವೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ ಇಂತಹ 13 ತಂತ್ರಗಳನ್ನು ‘ಡಾರ್ಕ್ ಪ್ಯಾಟರ್ನ್’ ಎಂದು ಪಟ್ಟಿ ಮಾಡಿ ನಿಷೇಧಿಸಿದೆ. ಸುಳ್ಳು ಆತುರ ಹುಟ್ಟಿಸುವುದು ಅದರಲ್ಲಿ ಮೊದಲನೆಯದು.

ಉಚಿತ ಡೆಲಿವರಿಗಾಗಿ ಇನ್ನೂ ನೂರು ರೂಪಾಯಿಯ ಮಾಲು ಸೇರಿಸಿ ಎಂಬ ಸಲಹೆ ನಿಷಿದ್ಧವಲ್ಲ. ಆದರೆ ಆ ನೂರು ರೂಪಾಯಿಗೆ ಬರುವುದು ಹೆಚ್ಚಾಗಿ ಚಿಪ್ಸ್, ಬಿಸ್ಕತ್ತು, ತಂಪು ಪಾನೀಯ. 40 ರೂ. ಸಾಗಣೆ ಶುಲ್ಕ ಉಳಿಸಲು 100 ರೂ. ದುಂದು ಮಾಡಿ, ಇಫ್ತಾರ್ ತಟ್ಟೆಗೆ ಬೇಡದ್ದನ್ನೂ ತಂದಂತಾಗುತ್ತದೆ. ಉಪವಾಸದ ಸಂಜೆ, ಹಸಿದ ಹೊತ್ತಿನಲ್ಲಿ ಆರ್ಡರ್ ಮಾಡಬೇಡಿ. ಇಫ್ತಾರ್, ಮಗ್ರಿಬ್ ಮುಗಿದ ಮೇಲೆ ಅದೇ ಪಟ್ಟಿಯನ್ನು ಮತ್ತೊಮ್ಮೆ ನೋಡಿದರೆ ಅರ್ಧ ತಾನಾಗಿಯೇ ಅಳಿಸಿಹೋಗುತ್ತದೆ.

ಪೊಟ್ಟಣ ಮನೆಗೆ ಬಂದಾಗ

1. ತೆರೆಯುವ ಮೊದಲು ಪ್ಯಾಕ್ ಮಾಡಿದ ತಿಂಗಳು, ಅವಧಿ ಮುಗಿಯುವ ದಿನಾಂಕ, 14 ಅಂಕಿಯ ಎಫ್.ಎಸ್.ಎಸ್.ಎ.ಐ. ಪರವಾನಗಿ ಸಂಖ್ಯೆ ಕಾಣುವಂತೆ ಫೋಟೊ ತೆಗೆಯಿರಿ.

2. ದಿನಾಂಕದ ಮೇಲೆ ಇನ್ನೊಂದು ಸ್ಟಿಕರ್ ಇದ್ದರೆ, ಅಕ್ಷರ ಅಳಿಸಿದ್ದರೆ, ಪೊಟ್ಟಣ ಉಬ್ಬಿದ್ದರೆ ಬಳಸಬೇಡಿ.

3. ಬಿಲ್ಲನ್ನೂ, ಆರ್ಡರ್ ಮಾಡಿದಾಗಿನ ಪುಟದ ಚಿತ್ರವನ್ನೂ ಹಬ್ಬ ಮುಗಿಯುವವರೆಗೆ ಉಳಿಸಿಕೊಳ್ಳಿ.

4. ‘ಈ ವಸ್ತು ವಾಪಸಿಲ್ಲ’ ಎಂದು ಬರೆದಿದ್ದರೂ ಹೆದರಬೇಡಿ. ವಸ್ತು ದೋಷಪೂರಿತ, ನಕಲಿ ಅಥವಾ ಹೇಳಿದಂತೆ ಇಲ್ಲವಾದರೆ ವಾಪಸು ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ ಎಂದು 2020ರ ನಿಯಮ ಹೇಳುತ್ತದೆ.

5. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಸಿಗಬೇಕು. ಆಗದಿದ್ದರೆ 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಆಹಾರದ ದೂರನ್ನು ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪ್‌ನಲ್ಲೂ ಕೊಡಬಹುದು.

6. ಕಂಪನಿ ಯಾವ ಊರಿನದಾದರೂ ನಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ. ಅಂತರಸನಹಳ್ಳಿಯವರು ತುಮಕೂರಿನ ಆಯೋಗಕ್ಕೆ ಹೋದರೆ ಸಾಕು. ಐದು ಲಕ್ಷ ರೂ. ಒಳಗಿನ ಖರೀದಿಗೆ ಶುಲ್ಕವೂ ಇಲ್ಲ.

ಆನ್‌ಲೈನ್ ಖರೀದಿಯೇ ಕೆಟ್ಟದ್ದೆಂದು ಇದರ ಅರ್ಥವಲ್ಲ. ಮನೆ ಬಿಟ್ಟು ಹೋಗಲಾಗದ ಹಿರಿಯರಿಗೆ, ಬಾಣಂತಿಯರಿಗೆ, ಪಾಳಿಯಲ್ಲಿ ದುಡಿಯುವವರಿಗೆ ಅದು ದೊಡ್ಡ ಅನುಕೂಲ. ಬಟ್ಟೆ, ಪಾತ್ರೆ, ಜಾನಮಾಝ್‌ಗಳನ್ನು ಹಬ್ಬಕ್ಕೆ ಒಂದೂವರೆ ತಿಂಗಳ ಮುಂಚೆಯೇ ಬೆಲೆ ಗುರುತು ಹಾಕಿಟ್ಟುಕೊಂಡು ಆನ್‌ಲೈನ್‌ನಲ್ಲಿ ತರಿಸಿ. ಹಾಗೆ ಮಾಡಿದರೆ ಹಬ್ಬದ ರಿಯಾಯಿತಿ ನಿಜವೋ ಅಲ್ಲವೋ ನಿಮಗೇ ಗೊತ್ತಾಗುತ್ತದೆ. ಖರ್ಜೂರ, ಒಣಹಣ್ಣುಗಳನ್ನು ಸಾಧ್ಯವಾದರೆ ನೋಡಿ, ಮೂಸಿ, ಒಂದು ವಾರಕ್ಕೆ ಬೇಕಾದಷ್ಟೇ ತನ್ನಿ. ಹಂಚಲೆಂದು ಹೆಚ್ಚು ಕೊಳ್ಳುವುದಾದರೆ ಇನ್ನೂ ಎಚ್ಚರ ಬೇಕು. ನೆರೆಮನೆಗೆ, ಮಸೀದಿಯ ಇಫ್ತಾರ್‌ಗೆ ಕಳುಹಿಸುವ ಪೊಟ್ಟಣದ ದಿನಾಂಕವನ್ನು ತಿನ್ನುವವರು ನೋಡಿರುವುದಿಲ್ಲ. ಅದನ್ನು ನೋಡಿ ಕಳುಹಿಸುವ ಹೊಣೆ ಕೊಟ್ಟವರದು.